ಕೊನೆವರೆಗೂ ಪರಕೀಯಳಾಗಿಯೇ ಉಳಿದ ರಾಣಿ

ಫ್ರಾನ್ಸ್‌ನ ರಾಣಿ ಮೇರಿ ಆಂಟೊನೆಟ್‌ಳ ಯೌವನದ ದಿನಗಳನ್ನು ಕಿರುತೆರೆಗೆ ತಂದ ಧಾರಾವಾಹಿ 2022ರಲ್ಲಿ ಪ್ರಸಾರವಾಯಿತು. ಅದರ ಉಡುಗೆ ತೊಡುಗೆಗಳ ವೈಭವದ ಹಿಂದಿರುವ ಬದುಕು ಮಾತ್ರ ದಾರುಣವಾದುದು.

1755ರ ನವೆಂಬರ್ 2ರಂದು ವಿಯೆನ್ನಾದಲ್ಲಿ ಜನಿಸಿದ ಈಕೆ ಆಸ್ಟ್ರಿಯಾದ ಮರಿಯಾ ತೆರೇಸಾಳ ಪುತ್ರಿ. ಹಳೆಯ ವೈರಿಗಳಾಗಿದ್ದ ಎರಡು ರಾಜಮನೆತನಗಳ ಮೈತ್ರಿಯನ್ನು ಭದ್ರಪಡಿಸಲು 1770ರಲ್ಲಿ, 14ರ ಹರೆಯದಲ್ಲೇ, ಫ್ರಾನ್ಸ್‌ನ ಯುವರಾಜನಿಗೆ ವಿವಾಹ ಮಾಡಿಕೊಡಲಾಯಿತು. 1774ರಲ್ಲಿ ಪತಿ 16ನೇ ಲೂಯಿ ಪಟ್ಟವೇರಿದ. ಉತ್ತರಾಧಿಕಾರಿಗಾಗಿ ಕಾದಿದ್ದ ವರ್ಸೇಲ್ಸ್ ಆಸ್ಥಾನದ ಕುಹಕಗಳನ್ನು, 1778ರಲ್ಲಿ ಮೊದಲ ಮಗು ಹುಟ್ಟುವವರೆಗೂ ಆಕೆ ಸಹಿಸಬೇಕಾಯಿತು.

1785ರ ವಜ್ರಹಾರ ಪ್ರಕರಣದಲ್ಲಿ ವಂಚಕರು ಆಕೆಯ ಹೆಸರನ್ನು ಬಳಸಿಕೊಂಡಿದ್ದರು. ಹಾರವನ್ನು ಆಕೆ ಕೊಂಡೇ ಇರಲಿಲ್ಲ. ಆದರೂ ಜನ ನಂಬಿದ್ದು ವದಂತಿಯನ್ನೇ. ದುಂದುವೆಚ್ಚದ ಆರೋಪ ಪೂರ್ತಿ ಸುಳ್ಳಲ್ಲವಾದರೂ, ಬೊಕ್ಕಸ ಬರಿದಾಗಲು ಯುದ್ಧಗಳ ಸಾಲವೇ ದೊಡ್ಡ ಕಾರಣವಾಗಿತ್ತು.

1789ರ ಕ್ರಾಂತಿಯ ನಂತರ ಸೆರೆಯಂಥ ಬಾಳು. ತನ್ನವಳೆಂದು ಒಪ್ಪದ ನಾಡಿನಲ್ಲಿ ದಿಕ್ಕು ತೋಚದೆ ತವರಿನ ನೆರವು ಬಯಸಿದಳು. 1792ರಲ್ಲಿ ಯುದ್ಧದ ಗುಟ್ಟುಗಳನ್ನೂ ಆಸ್ಟ್ರಿಯಾಕ್ಕೆ ರವಾನಿಸಿದಳು. ಅದೇ ದೇಶದ್ರೋಹವೆನಿಸಿತು. 1793ರ ಅಕ್ಟೋಬರ್ 16ರಂದು ಪ್ಯಾರಿಸ್‌ನಲ್ಲಿ ಗಿಲೊಟಿನ್‌ಗೆ ತಲೆಯೊಡ್ಡಿದಾಗ ಆಕೆಗೆ 37 ವರ್ಷ. ಮೈತ್ರಿಗೆಂದು ಬಂದವಳನ್ನು ಕೊನೆಗೆ ಬಲಿ ತೆಗೆದುಕೊಂಡದ್ದು ಆ ತವರಿನ ನಂಟೇ.