ನಾವಿಕನ ಸಂಬಳವೋ, ಸಾಹುಕಾರನ ಅಡಮಾನವೋ: ಲಷಿಂಗ್ಟನ್ ಎಂಬ ಕಡಲ ನ್ಯಾಯಾಧೀಶ

ಸಾಲದಲ್ಲಿ ಸಿಲುಕಿದ ಹಡಗನ್ನು ನ್ಯಾಯಾಲಯ ಹರಾಜು ಹಾಕಿದಾಗ ಬರುವ ಹಣ ಎಲ್ಲರ ಬಾಕಿಗೂ ಸಾಲುವುದು ಅಪರೂಪ. ತಿಂಗಳುಗಟ್ಟಲೆ ಸಂಬಳ ಕಾಣದ ನಾವಿಕರು ಒಂದೆಡೆ, ಹಡಗನ್ನೇ ಅಡಮಾನ ಹಿಡಿದವರು ಇನ್ನೊಂದೆಡೆ. ಮೊದಲ ಪಾಲು ಯಾರಿಗೆ? 1838ರಿಂದ 1867ರವರೆಗೆ ಇಂಗ್ಲೆಂಡಿನ ಅಡ್ಮಿರಾಲ್ಟಿ ನ್ಯಾಯಪೀಠದಲ್ಲಿ ಕುಳಿತು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಸಿದವರು ಡಾ. ಸ್ಟೀಫನ್ ಲಷಿಂಗ್ಟನ್.

1782ರಲ್ಲಿ ಜನಿಸಿದ ಲಷಿಂಗ್ಟನ್ ಅವರ ತಂದೆ ಈಸ್ಟ್ ಇಂಡಿಯಾ ಕಂಪನಿಯ ಅಧ್ಯಕ್ಷರಾಗಿದ್ದವರು. ಮಗ 1806ರಲ್ಲಿ ಸಂಸತ್ತು ಪ್ರವೇಶಿಸಿ ಗುಲಾಮಗಿರಿಯ ವಿರುದ್ಧ ಹೋರಾಡಿದರು. 1820ರಲ್ಲಿ ರಾಣಿ ಕ್ಯಾರೊಲೈನ್ ಪರ ವಾದಿಸಿದ ವಕೀಲರಲ್ಲೊಬ್ಬರಾದರು. ಆದರೆ ಅವರ ಹೆಸರು ಇಂದಿಗೂ ನ್ಯಾಯಾಲಯಗಳಲ್ಲಿ ಕೇಳಿಬರುವುದು ಹಡಗುಗಳಿಂದಾಗಿಯೇ.

ಅವರು ಪೀಠವೇರಿದಾಗ ಅಡಮಾನದಾರನ ಅಳಲು ಕೇಳುವ ಅಧಿಕಾರವೇ ಆ ನ್ಯಾಯಾಲಯಕ್ಕೆ ಇರಲಿಲ್ಲ. ಜಪ್ತಿಯಾದ ಹಡಗಿನ ಮಟ್ಟಿಗೆ 1840ರ ಕಾಯ್ದೆ ಆ ಬಾಗಿಲು ತೆರೆಯಿತು. ನೋಂದಾಯಿತ ಅಡಮಾನಗಳಿಗೆ 1861ರ ಕಾಯ್ದೆ ಅದನ್ನು ಇನ್ನಷ್ಟು ಅಗಲಗೊಳಿಸಿತು. ಜಗಳ ಹುಟ್ಟಿದ್ದೂ ಅಲ್ಲಿಯೇ. ಅಡಮಾನ ನೋಂದಣಿ ಪುಸ್ತಕದಲ್ಲಿ ಕಾಣುತ್ತದೆ. ಸಂಬಳ, ಅಪಾಯದಿಂದ ಪಾರು ಮಾಡಿದ ಸಂಭಾವನೆ, ಡಿಕ್ಕಿಯ ನಷ್ಟ ಇವುಗಳಿಂದ ಹುಟ್ಟುವ ‘ಮ್ಯಾರಿಟೈಮ್ ಲೀನ್’ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಹಡಗಿಗೇ ಅಂಟಿಕೊಂಡು ಸಾಗುತ್ತದೆ. ಹಣ ಹೂಡಿದವನಿಗೆ ನಿದ್ದೆಗೆಡಿಸುವ ಸಂಗತಿಯೇ ಸರಿ.

ಈ ಹಕ್ಕಿನ ಬಲ ಎಷ್ಟೆಂಬುದು ‘ಬೋಲ್ಡ್ ಬಕ್ಲೂ’ ಪ್ರಕರಣದಲ್ಲಿ ಸ್ಪಷ್ಟವಾಯಿತು. 1848ರಲ್ಲಿ ಹಂಬರ್ ನದಿಯಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದ ಆ ಉಗಿಹಡಗು, ಜಪ್ತಿಯಾಗುವ ಮೊದಲೇ ಏನೂ ಅರಿಯದ ಗ್ರಾಹಕನಿಗೆ ಮಾರಾಟವಾಗಿತ್ತು. ಆದರೂ ಹೊಣೆ ತಪ್ಪದೆಂದು ಲಷಿಂಗ್ಟನ್ ತೀರ್ಪಿತ್ತರು. 1851ರಲ್ಲಿ ಪ್ರಿವಿ ಕೌನ್ಸಿಲ್ ಅದನ್ನು ಎತ್ತಿಹಿಡಿಯಿತು.

ಎಲ್ಲ ತೀರ್ಪುಗಳೂ ಹೀಗೆ ಉಳಿಯಲಿಲ್ಲ. ವಿದೇಶಿ ಹಡಗಿಗೆ ಅಗತ್ಯ ಸಾಮಗ್ರಿ ಪೂರೈಸಿದ ವ್ಯಾಪಾರಿಗೂ ಲೀನ್ ಉಂಟೆಂದು 1863ರಲ್ಲಿ ಅವರು ಹೇಳಿದ್ದರು. 1872ರಲ್ಲಿ ಪ್ರಿವಿ ಕೌನ್ಸಿಲ್, ‘ಟೂ ಎಲೆನ್ಸ್’ ಪ್ರಕರಣದಲ್ಲಿ 1861ರ ಕಾಯ್ದೆಯಡಿ ಅಂಥ ವ್ಯಾಪಾರಿಗೆ ಲೀನ್ ಇಲ್ಲವೆಂದು ಅಡಮಾನದಾರನನ್ನು ಮುಂದಿಟ್ಟಿತು. ನಿವೃತ್ತ ನ್ಯಾಯಾಧೀಶರಿಗೆ ಆಗ ತೊಂಬತ್ತು ವರ್ಷ. ಮರುವರ್ಷವೇ ಅವರು ತೀರಿಕೊಂಡರು. 1840ರ ಕಾಯ್ದೆಗೆ ಅವರು ಕೊಟ್ಟಿದ್ದ ಅರ್ಥವನ್ನು 1886ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕೂಡ ತಳ್ಳಿಹಾಕಿತು. ಸಾಲಕ್ಕೆ ಸರಕು ಕೊಟ್ಟವನ ಕಷ್ಟ ಲಷಿಂಗ್ಟನ್ ಅವರಿಗೆ ಕಂಡಷ್ಟು ನಂತರದವರಿಗೆ ಕಾಣಲಿಲ್ಲವೇನೋ.

ಭಾರತಕ್ಕೂ ಆ 1861ರ ಕಾಯ್ದೆಯ ನಂಟಿತ್ತು. ಮುಂಬೈ, ಕೋಲ್ಕತ್ತ, ಮದ್ರಾಸ್ ಹೈಕೋರ್ಟ್‌ಗಳ ಕಡಲ ಅಧಿಕಾರ ಬಹುಕಾಲ ಅದನ್ನೇ ಆಧರಿಸಿತ್ತು. 2018ರ ಏಪ್ರಿಲ್ 1ರಂದು ಜಾರಿಗೆ ಬಂದ 2017ರ ಅಡ್ಮಿರಾಲ್ಟಿ ಕಾಯ್ದೆ ಕರ್ನಾಟಕ ಹೈಕೋರ್ಟ್‌ಗೂ ಈ ಅಧಿಕಾರ ನೀಡಿದೆ. ಅದರ ಪ್ರಕಾರ ಲೀನ್‌ಗಳಲ್ಲಿ ನಾವಿಕರ ಸಂಬಳಕ್ಕೇ ಅಗ್ರಸ್ಥಾನ. ನೋಂದಾಯಿತ ಅಡಮಾನದ ಸರದಿ ಬರುವುದು ಲೀನ್‌ಗಳೆಲ್ಲ ತೀರಿದ ಬಳಿಕ.