ಮಹಬೂಬ್ ಪಾಷಾನ ಕುದುರೆ ಮೈದಾನ

ಹೈದರಾಬಾದ್‌ನ ಮಲಕ್‌ಪೇಟೆಯಲ್ಲಿ ನಮ್ಮದೊಂದು ಬಾಡಿಗೆ ಕೋಣೆ. ನಾನು ಔರಾದ್ ತಾಲ್ಲೂಕಿನವನು, ಇನ್ನೊಬ್ಬ ಭಾಲ್ಕಿಯವನು, ಮತ್ತೊಬ್ಬ ಬೀದರ್ ನಗರದ ಚೌಬಾರಾ ಕಡೆಯವನು. ಮೂವರೂ ಬ್ಯಾಂಕ್ ಪರೀಕ್ಷೆಗೆ ಓದುವವರು. ನಮ್ಮ ಜಿಲ್ಲೆಯ ಹುಡುಗರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಬೀದರ್‌ನಲ್ಲಿ ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಇಲ್ಲಿರಬಹುದು.

ಕೋಣೆಯಿಂದ ಸ್ವಲ್ಪ ನಡೆದರೆ ರೇಸ್‌ಕೋರ್ಸ್. ಓಟವಿರುವ ದಿನ ನಮ್ಮ ಗಲ್ಲಿಯ ಚಹಾ ಹೋಟೆಲಿನ ಚಹರೆಯೇ ಬೇರೆ. ಪ್ರತಿ ಟೇಬಲ್ಲಿನ ಮೇಲೂ ಒಂದು ತೆಳು ಪುಸ್ತಕ, ಒಂದು ಪೆನ್ನು. ಯಾವ ಕುದುರೆ ಹಿಂದಿನ ಸಲ ಎಷ್ಟು ತೂಕ ಹೊತ್ತು ಓಡಿತ್ತು, ಜಾಕಿ ಯಾರು, ರಾತ್ರಿ ಮಳೆಗೆ ಟ್ರ್ಯಾಕ್ ಮೆತ್ತಗಾಗಿದೆಯೋ ಹೇಗೆ, ಎಲ್ಲಕ್ಕೂ ಲೆಕ್ಕ. ಇಷ್ಟೇ ಶ್ರದ್ಧೆಯಿಂದ ನಾವು ಗಣಿತ ಮಾಡಿದ್ದರೆ ಇಷ್ಟೊತ್ತಿಗೆ ಮೂವರೂ ಯಾವುದಾದರೂ ಬ್ಯಾಂಕಿನಲ್ಲಿ ಕೂತಿರುತ್ತಿದ್ದೆವು.

ಭಾಲ್ಕಿಯ ಗೆಳೆಯ ಅಲ್ಲಿ ಬಹುಬೇಗ ಒಬ್ಬನಾದ. ಏಪ್ರಿಲ್‌ನಲ್ಲಿ ಅವನ ಮೊಬೈಲಿನಲ್ಲಿ ಲಿವರ್‌ಪೂಲ್ ಹತ್ತಿರದ ಏಂಟ್ರಿಯ ಗ್ರ್ಯಾಂಡ್ ನ್ಯಾಷನಲ್ ಓಡಿತು. ಮಲಕ್‌ಪೇಟೆಯಲ್ಲಿ ಕುದುರೆಗಳು ಬಯಲಿನಲ್ಲಿ ಓಡುತ್ತವೆ ಅಷ್ಟೆ. ಅಲ್ಲಿ ಸುಮಾರು ಏಳು ಕಿಲೊಮೀಟರ್ ಓಡುತ್ತ ಮೂವತ್ತು ಬೇಲಿ ಜಿಗಿಯಬೇಕು. ಹೋಟೆಲಿನ ಮಂದಿಗೆ ಆ ಓಟದ ಒಂದು ಕತೆ ಬಾಯಿಪಾಠ. 1967ರಲ್ಲಿ ಇಪ್ಪತ್ಮೂರನೇ ಬೇಲಿಯ ಬಳಿ ಕುದುರೆಗಳೆಲ್ಲ ಒಂದರ ಮೇಲೊಂದು ಬಿದ್ದು, ನಿಂತು, ಗೊಂದಲವಾದಾಗ ತೀರಾ ಹಿಂದೆ ಬರುತ್ತಿದ್ದ ಫಾಯ್ನವಾನ್ ಎಂಬ ಕುದುರೆ ಸಂದಿಯಲ್ಲಿ ಜಿಗಿದು ಗೆದ್ದುಬಿಟ್ಟಿತು. ಒಂದಕ್ಕೆ ನೂರರ ದರ ಅದಕ್ಕೆ. ಎರಡು ಸಲ ಫೇಲಾದವನಿಗೆ ಈ ಕತೆ ಹೇಳಬಾರದು. ನನಗೆ ಹೇಳಿದರು.

ಸೆಪ್ಟೆಂಬರ್‌ನಲ್ಲಿ ಅಪ್ಪ ಉದ್ದು ಮಾರಿ ಕೋಚಿಂಗ್ ಫೀ ಕಳಿಸಿದ, ಆರು ಸಾವಿರ. ಕುದುರೆ ಲಾಯದಿಂದಲೇ ಬಂದ ಸುದ್ದಿ ಎಂದು ಗೆಳೆಯ ಪಿಸುಗುಟ್ಟಿದ. ಕುದುರೆಗಾರಿಕೆ ಜೂಜಲ್ಲ, ಜಾಣ್ಮೆಯ ಆಟ ಎಂದು ಸುಪ್ರೀಂ ಕೋರ್ಟೇ 1996ರಲ್ಲಿ ಹೇಳಿದೆ ಎಂದೂ ಅವನೇ ತಿಳಿಸಿದ. ಅದು ಖರೇ. ನನ್ನಲ್ಲಿ ಆ ಜಾಣ್ಮೆ ಇರಲಿಲ್ಲ ಎಂಬುದೂ ಖರೇ. ಕುದುರೆ ನಾಲ್ಕನೆಯದಾಗಿ ಬಂತು.

ಆ ಸಂಜೆ ಹೋಟೆಲಿನಲ್ಲಿ ಸುಮ್ಮನೆ ಕೂತಿದ್ದೆ. ಈ ಮೈದಾನ ಇಲ್ಲಿಗೆ ತಂದವರು ಯಾರು ಎಂದು ಸಿಟ್ಟಿನಲ್ಲೇ ಕೇಳಿದೆ. ಮೂಲೆಯ ಟೇಬಲ್ಲಿನ ಮುದುಕರೊಬ್ಬರು, ತಮ್ಮ ಅಜ್ಜನ ಹೆಸರು ಹೇಳುವಂತೆ ಅಕ್ಕರೆಯಿಂದ, ಮಹಬೂಬ್ ಅಲಿ ಪಾಷಾ ಎಂದರು.

ಫೀ ಕಟ್ಟದೆ ಕೋಚಿಂಗ್ ನಿಂತಿತು. ಅಫ್ಜಲ್‌ಗಂಜ್‌ನಲ್ಲಿ ಮೂಸಿ ನದಿಯ ದಂಡೆಗಿರುವ ಸರ್ಕಾರಿ ಗ್ರಂಥಾಲಯಕ್ಕೆ ಹೋಗಿ ಓದತೊಡಗಿದೆ. ನನ್ನಂಥ ನೂರಾರು ಮಂದಿ ಅಲ್ಲಿ ಬೆಳಗಿನಿಂದ ಕೂತಿರುತ್ತಾರೆ. ಗಣಿತ ಬೇಸರವಾದಾಗ ಪಾಷಾನ ಬಗ್ಗೆ ಓದಿದೆ.

ಮೀರ್ ಮಹಬೂಬ್ ಅಲಿ ಖಾನ್ ಹುಟ್ಟಿದ್ದು 1866ರ ಆಗಸ್ಟ್‌ನಲ್ಲಿ. ತಂದೆ ಅಫ್ಜಲ್-ಉದ್-ದೌಲಾ 1869ರಲ್ಲಿ ತೀರಿಕೊಂಡಾಗ ಎರಡೂವರೆ ವರ್ಷದ ಕೂಸು ಆರನೆಯ ನಿಜಾಮನಾಯಿತು. ನಮ್ಮ ಬೀದರ್, ಭಾಲ್ಕಿ, ಔರಾದ್ ಎಲ್ಲವೂ ಆ ಕೂಸಿನ ರಾಜ್ಯವೇ. ಅರ್ಜಿ ಇಲ್ಲ, ಪರೀಕ್ಷೆ ಇಲ್ಲ, ಸಂದರ್ಶನವಿಲ್ಲ. ಆಡಳಿತ ನಡೆಸಿದವರು ದಿವಾನ ಸಾಲಾರ್ ಜಂಗ್ ಮತ್ತು ಪಾಯಗಾ ಮನೆತನದ ಅಮೀರ್. ಹುಡುಗನಿಗೆ ಇಂಗ್ಲಿಷ್ ಕಲಿಸಲು ಕ್ಲರ್ಕ್ ಎಂಬ ಕ್ಯಾಪ್ಟನ್ ಬಂದ. ಪುಸ್ತಕಕ್ಕಿಂತ ಕುದುರೆ ಮತ್ತು ಬಂದೂಕು ಹುಡುಗನಿಗೆ ಬೇಗ ಒಲಿದವು. ಒಳ್ಳೆಯ ಸವಾರ, ಅದಕ್ಕಿಂತ ಒಳ್ಳೆಯ ಗುರಿಕಾರ ಎಂದು ಎಲ್ಲರೂ ಬರೆದಿದ್ದಾರೆ. ಹುಲಿ ಬೇಟೆಯ ಲೆಕ್ಕದ ಮೇಲೆಯೇ ಆತನಿಗೆ ತೀಸ್ ಮಾರ್ ಖಾನ್ ಎಂಬ ಅಡ್ಡಹೆಸರು ಬಂತು ಎನ್ನುತ್ತಾರೆ.

1884ರ ಫೆಬ್ರುವರಿಯಲ್ಲಿ ವೈಸ್‌ರಾಯ್ ಲಾರ್ಡ್ ರಿಪನ್ ಹೈದರಾಬಾದಿಗೆ ಬಂದು ಪೂರ್ಣ ಅಧಿಕಾರ ವಹಿಸಿಕೊಟ್ಟ. ಆಗ ಪಾಷಾನಿಗೆ ಹದಿನೇಳು ವರ್ಷ. ಎರಡು ವರ್ಷದ ನಂತರ, 1886ರಲ್ಲಿ, ಮೌಲಾಲಿಯಲ್ಲಿ ನಡೆಯುತ್ತಿದ್ದ ಕುದುರೆ ಓಟವನ್ನು ತನ್ನ ಅರಮನೆಗೆ ಹತ್ತಿರವಾಗಲೆಂದು ಮಲಕ್‌ಪೇಟೆಗೆ ತಂದ. ಇಷ್ಟೇ ಸಂಗತಿ. ನನ್ನ ಆರು ಸಾವಿರ ನುಂಗಿದ ಮೈದಾನ ನನಗಿಂತ ಚಿಕ್ಕ ವಯಸ್ಸಿನ ಹುಡುಗನೊಬ್ಬನ ಆಸೆಯಿಂದ ಅಲ್ಲಿಗೆ ಬಂದದ್ದು. ಮೌಲಾಲಿ ದೂರವಾಯಿತು, ಮೈದಾನವೇ ಹತ್ತಿರ ಬಂತು. ನಮಗೆ ದೂರವಾದರೆ ನಾವು ಶೇರ್ ಆಟೊ ಹತ್ತುತ್ತೇವೆ.

ಕುದುರೆಯಿಂದ ಮೇಲೆ ಬಂದವರು ನಮ್ಮ ಬೀದರ್‌ಗೂ ಹೊಸಬರಲ್ಲ. 1453ರಲ್ಲಿ ಇರಾನ್ ಕಡೆಯಿಂದ ಕುದುರೆ ಮಾರಲು ಬಂದ ಮಹಮೂದ್ ಗಾವಾನ್ ಬಹಮನಿ ರಾಜ್ಯದ ಪ್ರಧಾನಿಯಾದ, ಮದರಸಾ ಕಟ್ಟಿಸಿದ. ಆದರೆ ಗಾವಾನ್ ಕುದುರೆ ಮಾರಿ ಬದುಕಿದವನು. ಪಾಷಾ ಕೊಳ್ಳುವವನು. ಈ ವ್ಯತ್ಯಾಸ ದೊಡ್ಡದು.

ಕೊಳ್ಳುವ ಚಟ ಆತನಿಗೆ ಕುದುರೆಗಷ್ಟೇ ನಿಲ್ಲಲಿಲ್ಲ. ಪುರಾನಿ ಹವೇಲಿಯಲ್ಲಿ ಈಗಲೂ ಇರುವ ಆತನ ಬಟ್ಟೆಯ ಕಪಾಟು ಒಂದು ಇಡೀ ಪಡಸಾಲೆಯಷ್ಟು ಉದ್ದ. ಒಮ್ಮೆ ತೊಟ್ಟದ್ದನ್ನು ಮತ್ತೆ ತೊಡುತ್ತಿರಲಿಲ್ಲ ಎಂಬ ಮಾತಿದೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು 1891ರ ವಜ್ರದ ಪ್ರಕರಣ. ಅದರಲ್ಲಿ ನಮ್ಮ ಚಹಾ ಹೋಟೆಲಿನ ಎಲ್ಲವೂ ಇದೆ.

ಪಾಷಾನ ಖಾಸಾ ಸೇವಕ ಆಲ್ಬರ್ಟ್ ಆಬಿದ್ ಎಂಬ ಅರ್ಮೇನಿಯದವನು. ಹೈದರಾಬಾದಿಗೆ ಹೋದವರೆಲ್ಲ ಸುತ್ತಾಡುವ ಆಬಿಡ್ಸ್ ಪೇಟೆಗೆ ಅವನದೇ ಹೆಸರು. ಒಳಗಿನ ಸುದ್ದಿ, ಒಳಗಿನ ದಾರಿ ಎರಡೂ ಅವನ ಕೈಯಲ್ಲಿ. ಅವನ ಮೂಲಕ ಸಿಮ್ಲಾದ ರತ್ನ ವ್ಯಾಪಾರಿ ಅಲೆಕ್ಸಾಂಡರ್ ಜೇಕಬ್ ಒಂದು ಭಾರಿ ವಜ್ರದ ಮಾತು ತಂದ. 184 ಕ್ಯಾರೆಟ್‌ಗೂ ಮಿಕ್ಕಿದ ಕಲ್ಲು. ಬೆಲೆ 46 ಲಕ್ಷ ರೂಪಾಯಿ. ಕಣ್ಣಾರೆ ನೋಡಿ ಒಪ್ಪಿದರೆ ಮಾತ್ರ ಎಂಬ ಕರಾರಿನ ಮೇಲೆ ಪಾಷಾ 23 ಲಕ್ಷ ಮುಂಗಡ ಕೊಟ್ಟ. ಕಲ್ಲು ಬಂತು, ಮನಸ್ಸಿಗೆ ಬರಲಿಲ್ಲ, ದುಡ್ಡು ವಾಪಸ್ ಬರಲಿಲ್ಲ. ಕೇಸು ಕಲ್ಕತ್ತಾ ಹೈಕೋರ್ಟಿಗೆ ಹೋಯಿತು. ದೊರೆಯೊಬ್ಬ ಸಾಕ್ಷಿ ಹೇಳಬೇಕಾಯಿತು. ಅದೇ ವರ್ಷದ ಕೊನೆಗೆ ಜೇಕಬ್ ಖುಲಾಸೆಯಾದ. ಕೊನೆಗೆ ಕಲ್ಲು ಪಾಷಾನಲ್ಲೇ ಉಳಿಯಿತು. ಮುಂದೆ ಮಗ ಉಸ್ಮಾನ್ ಅಲಿ ಖಾನ್‌ಗೆ ಅದು ತಂದೆಯ ಹಳೆಯ ಚಪ್ಪಲಿಯ ತುದಿಯಲ್ಲಿ ಸಿಕ್ಕಿತು, ಅವನು ಅದನ್ನು ಕಾಗದದ ಮೇಲಿನ ಭಾರಕ್ಕೆ ಇಟ್ಟುಕೊಂಡ ಎಂಬ ಕತೆ ಹೈದರಾಬಾದ್‌ನಲ್ಲಿ ಎಲ್ಲರಿಗೂ ಗೊತ್ತು. 1995ರಲ್ಲಿ ಭಾರತ ಸರ್ಕಾರ ನಿಜಾಮರ ಒಡವೆಗಳನ್ನು 218 ಕೋಟಿಗೆ ಕೊಂಡಾಗ ಈ ವಜ್ರವೂ ಅದರಲ್ಲಿತ್ತು.

ಸೋತ ಕಲ್ಲನ್ನು ಚಪ್ಪಲಿಯಲ್ಲಿ ಮರೆತುಬಿಡಲು ಸಾಧ್ಯವಾದದ್ದು ಹೇಗೆಂದು ಯೋಚಿಸಿದೆ. ಖಜಾನೆಗೆ ದುಡ್ಡು ಬರುತ್ತಿದ್ದದ್ದು ನಮ್ಮಂಥ ಊರುಗಳ ಹೊಲದ ಕಂದಾಯದಿಂದ. 1899–1900ರ ಬರ ಬೀದರ್ ಜಿಲ್ಲೆಯನ್ನು ಎಷ್ಟು ಹಿಂಡಿತೆಂದರೆ, 1891ರ ಜನಗಣತಿಗಿಂತ 1901ರಲ್ಲಿ ಜನಸಂಖ್ಯೆ ಕಡಿಮೆ ಬಂತು. ನನ್ನ ಮುತ್ತಜ್ಜನ ಅಪ್ಪ ಆ ಬರ ಕಂಡವನೇ ಇರಬೇಕು. ನಮ್ಮ ಮನೆಯಲ್ಲಿ ಅವನ ಹೆಸರೂ ಯಾರಿಗೂ ನೆನಪಿಲ್ಲ.

ಹಾಗೆಂದು ಪಾಷಾನನ್ನು ದುಂದುಗಾರ ಎಂದು ಬರೆದು ಮುಗಿಸಲು ಹೊರಟರೆ ಆ ಗ್ರಂಥಾಲಯವೇ ಅಡ್ಡ ಬರುತ್ತದೆ. ನಾನು ಫ್ಯಾನಿನ ಕೆಳಗೆ ಪುಕ್ಕಟೆ ಕೂತು ಓದುತ್ತಿದ್ದ ಆ ಸಂಸ್ಥೆ ಆಸಫಿಯಾ ಲೈಬ್ರರಿ ಎಂದು ಶುರುವಾದದ್ದು ಆತನ ಕಾಲದಲ್ಲೇ, ವಜ್ರದ ಕೇಸು ನಡೆದ ಅದೇ 1891ರಲ್ಲಿ. ಈಗಿನ ಕಟ್ಟಡ ಆಮೇಲಿನದು. ಕುದುರೆ ಮೈದಾನವೂ ಆತನದು, ಓದುವ ಮೇಜೂ ಆತನ ಕಾಲದ್ದು. ಈ ಲೆಕ್ಕ ನನಗೆ ಇನ್ನೂ ತಾಳೆಯಾಗಿಲ್ಲ.

ಜನ ಆತನನ್ನು ಪ್ರೀತಿಸಿದ್ದಂತೂ ನಿಜ. ಹಾವು ಕಚ್ಚಿದರೆ ಪಾಷಾನ ಹೆಸರು ಹೇಳಿದರೆ ವಿಷ ಇಳಿಯುತ್ತದೆ ಎಂಬ ನಂಬಿಕೆಯಿತ್ತು. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಸಾವಿರಾರು ಜನ ಸತ್ತಾಗ ಆತ ಅರಮನೆಯ ಬಾಗಿಲು ತೆರೆಸಿ ನಿರಾಶ್ರಿತರಿಗೆ ಜಾಗ ಕೊಟ್ಟ. ಗ್ರಂಥಾಲಯದ ಹತ್ತಿರವೇ ಉಸ್ಮಾನಿಯಾ ಆಸ್ಪತ್ರೆಯ ಅಂಗಳದಲ್ಲಿ ಒಂದು ಹುಣಸೆ ಮರವಿದೆ. ಆ ದಿನ ಅದನ್ನು ಹತ್ತಿ ಕೂತು ನೂರೈವತ್ತು ಜನ ಬದುಕಿದರಂತೆ. ಓದು ಸಾಕಾದ ದಿನ ಹೋಗಿ ಅದರ ಕೆಳಗೆ ನಿಲ್ಲುತ್ತಿದ್ದೆ.

ಪ್ರವಾಹದ ಮರುವರ್ಷ ಹೈದರಾಬಾದ್ ಸರ್ಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಮುಂಬೈ ಸರ್ಕಾರದ ನೌಕರಿ ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ಅವರು 1909ರ ಏಪ್ರಿಲ್‌ನಲ್ಲಿ ಬಂದರು. ಬಂದವರು ಮೊದಲು ಎಣಿಸಿದರು. ಮೂಸಿಯ ಜಲಾನಯನದಲ್ಲಿ ಇದ್ದ ಕೆರೆಗಳು 788, ಒಡೆದವು 221. ಎಲ್ಲಿ ಎಷ್ಟು ಮಳೆ ಬಿತ್ತು, ನೀರು ಯಾವ ದಾರಿಯಲ್ಲಿ ಬಂತು ಎಂದು ಅಳೆದರು. ಆಮೇಲೆ ನಗರದ ಮೇಲ್ಭಾಗದಲ್ಲಿ ಎರಡು ಅಣೆಕಟ್ಟು ಕಟ್ಟಿ ಎಂದರು. ಅವೇ ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಆದವು. ಪಾಷಾನಿಗೆ ಬದುಕಿನುದ್ದಕ್ಕೂ ಕಿವಿಯಲ್ಲಿ ಸುದ್ದಿ ಊದುವವರು ಸಿಕ್ಕಿದ್ದರು. ಕಡೆಗಾಲಕ್ಕೆ ಎಣಿಸಿ ಹೇಳುವವರೊಬ್ಬರು ಸಿಕ್ಕಿದರು. ಆ ಭಾಗ ಓದುವಾಗ ನನಗೆ ನನ್ನ ನಾಲ್ಕನೇ ನಂಬರಿನ ಕುದುರೆ ನೆನಪಾಯಿತು. ಅದರ ಬಗ್ಗೆ ನಾನು ಒಂದನ್ನೂ ಎಣಿಸಿರಲಿಲ್ಲ.

ಅಣೆಕಟ್ಟು ನೋಡಲು ಪಾಷಾ ಉಳಿಯಲಿಲ್ಲ. 1911ರ ಆಗಸ್ಟ್ 29ರಂದು ಫಲಕ್‌ನುಮಾ ಅರಮನೆಯಲ್ಲಿ ತೀರಿಕೊಂಡ. ಆಗ ವಯಸ್ಸು ನಲವತ್ತೈದು. ಆ ಅರಮನೆಯೂ ಆತ ಕಟ್ಟಿಸಿದ್ದಲ್ಲ. ಪಾಯಗಾದ ವಿಕಾರ್-ಉಲ್-ಉಮ್ರಾ ಅದನ್ನು ಕಟ್ಟಿಸಿ ಸಾಲದಲ್ಲಿ ಮುಳುಗಿದ್ದ, ಪಾಷಾ ಮೆಚ್ಚಿ ತನ್ನದಾಗಿಸಿಕೊಂಡ. ಪಾಷಾ ಹೋದ ಮೇಲೆ ಮಲಕ್‌ಪೇಟೆಯ ಓಟವೂ ಹೋಯಿತು, ಸಿಕಂದರಾಬಾದ್‌ನ ಪರೇಡ್ ಮೈದಾನಕ್ಕೆ. ಈಗಿನ ಕ್ಲಬ್ 1961ರದು. ಕುದುರೆಗಳು ಮಲಕ್‌ಪೇಟೆಗೆ ಮರಳಿದ್ದು 1968ರಲ್ಲಿ.

ಕಳೆದ ತಿಂಗಳು ಮೂವರೂ ಮೆಕ್ಕಾ ಮಸೀದಿಗೆ ಹೋಗಿದ್ದೆವು. ಒಂದು ಬದಿಗೆ ನಿಜಾಮರ ಗೋರಿಗಳ ಸಾಲು. ಅದರಲ್ಲಿ ಪಾಷಾನದೂ ಒಂದು. ಬೀದರ್‌ನ ಗೆಳೆಯ ದುವಾ ಓದಿದ, ನಾವಿಬ್ಬರು ಕೈಮುಗಿದೆವು. ಹೊರಗೆ ಬಂದು ಚಾರ್‌ಮಿನಾರ್ ಎದುರು ಚಹಾ ಕುಡಿಯುವಾಗ ಭಾಲ್ಕಿಯವನ ಮೊಬೈಲ್ ಸದ್ದು ಮಾಡಿತು. ಮುಂದಿನ ಓಟಕ್ಕೆ ಪಕ್ಕಾ ಸುದ್ದಿಯಂತೆ. ನನ್ನ ಮುಖ ನೋಡಿ ಮೊಬೈಲ್ ಜೇಬಿಗಿಟ್ಟ. ಚಹಾದ ರೊಕ್ಕ ನಾನೇ ಕೊಟ್ಟೆ.

ಅಪ್ಪನಿಗೆ ಆರು ಸಾವಿರದ ವಿಷಯ ಇನ್ನೂ ಹೇಳಿಲ್ಲ. ಈ ಬರಹ ಅಚ್ಚಾದರೆ ಊರ ಕಟ್ಟೆಯ ಮೇಲೆ ಯಾರಾದರೂ ಓದಿ ಹೇಳಿಯೇ ಹೇಳುತ್ತಾರೆ. ಅದಕ್ಕೂ ಮೊದಲು ನಾನೇ ಹೇಳಬೇಕು. ಈ ಭಾನುವಾರ ಊರಿಗೆ ಹೊರಟಿದ್ದೇನೆ.