ಕೂರದ ಸ್ಕ್ರೂ ಮತ್ತು ವಿಟ್‌ವರ್ತ್

ಕಳೆದ ಸೆಮಿಸ್ಟರ್ ರಜೆಯಲ್ಲಿ ನನಗೊಂದು ಹುಚ್ಚು ಹಿಡಿದಿತ್ತು. ಎನ್‌ಸಿಸಿ ಕ್ಯಾಂಪಿನಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹಿಡಿದು ಗುರಿ ಇಟ್ಟ ರುಚಿ ಬಿಟ್ಟಿರಲಿಲ್ಲ. ಆದರೆ 10 ಮೀಟರ್ ಸ್ಪರ್ಧೆಯಲ್ಲಿ ಬಳಸುವ ವಿದೇಶಿ ಏರ್ ರೈಫಲ್‌ಗೆ ಲಕ್ಷದ ಮೇಲೆ ಬೆಲೆ. ಹಾಗಾಗಿ ಪರಿಚಯದವರ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಹಳೇ ಏರ್ ರೈಫಲ್ ತಂದು, ಸವೆದ ಭಾಗಗಳನ್ನು ಬದಲಿಸಿ, ನನ್ನದೇ ಬಡವರ ಟಾರ್ಗೆಟ್ ರೈಫಲ್ ಮಾಡಿಕೊಳ್ಳುವುದೆಂದು ತೀರ್ಮಾನಿಸಿದೆ. ಬಜೆಟ್ ಆರು ಸಾವಿರ ರೂಪಾಯಿ. ಪಿಯುಸಿ ಹುಡುಗರಿಗೆ ಗಣಿತ ಹೇಳಿಕೊಟ್ಟು ಕೂಡಿಸಿದ್ದ ಹಣ.

ಸ್ಪ್ರಿಂಗ್, ಪಿಸ್ಟನ್‌ನ ಚರ್ಮದ ವಾಷರ್, ಹಿಂಬದಿಗೆ ಒಂದು ಪೀಪ್ ಸೈಟ್ ತಂದೆ. ಅಷ್ಟಕ್ಕೇ ಮುಕ್ಕಾಲು ಹಣ ಕರಗಿತು. ಕೊನೆಗೆ ಉಳಿದದ್ದು ಮರದ ಬಟ್ ಅನ್ನು ಹಿಡಿದಿಡುವ ಒಂದೇ ಒಂದು ಸ್ಕ್ರೂ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಣ್ಣಂದಾಜಿಗೆ ಸರಿ ಕಂಡ ಎಂ6 ಸ್ಕ್ರೂ ಕೊಂಡೆ. ಎರಡು ಸುತ್ತು ಹೋಗಿ ನಿಂತಿತು. ಮೆಕ್ಯಾನಿಕಲ್ ವಿದ್ಯಾರ್ಥಿಯ ಸಕಲ ಜ್ಞಾನವನ್ನೂ ಬಳಸಿ, ಅಂದರೆ ಇನ್ನಷ್ಟು ಬಲ ಹಾಕಿ, ತಿರುಗಿಸಿದೆ. ಒಳಗಿನ ಥ್ರೆಡ್ ಪುಡಿಪುಡಿಯಾಗಿ ಹೊರಬಂತು.

ನಮ್ಮೂರ ಲೇತ್ ಅಂಗಡಿಯ ಯಜಮಾನರು ಥ್ರೆಡ್ ಗೇಜ್‌ನ ಎಲೆಗಳನ್ನು ಒಂದೊಂದಾಗಿ ಹಿಡಿದು ನೋಡಿದರು. ನಾನು ತಂದದ್ದು 60 ಡಿಗ್ರಿಯ ಮೆಟ್ರಿಕ್. ರೈಫಲ್‌ನಲ್ಲಿದ್ದದ್ದು 55 ಡಿಗ್ರಿಯ, ಇಂಚಿಗೆ 20 ಸುತ್ತಿನ ಕಾಲಿಂಚು ವಿಟ್‌ವರ್ತ್. ಬಿಇಯಲ್ಲಿ ಇದನ್ನು ಹೇಳಿಕೊಡುವುದಿಲ್ಲವೇ ಎಂದು ಕೇಳಿದರು. ಹೇಳಿಕೊಟ್ಟಿದ್ದರು. ಮಷಿನ್ ಡ್ರಾಯಿಂಗ್‌ನಲ್ಲಿ ಆ 55 ಡಿಗ್ರಿಯನ್ನು ನಾನೇ ಬರೆದಿದ್ದೆ. ವಿಟ್‌ವರ್ತ್ ಕ್ವಿಕ್ ರಿಟರ್ನ್ ಮೆಕ್ಯಾನಿಸಂ ಬರೆದು ಅಂಕವನ್ನೂ ಪಡೆದಿದ್ದೆ. ಅದೊಬ್ಬ ಮನುಷ್ಯನ ಹೆಸರು ಎಂಬುದೇ ತಲೆಗೆ ಹೋಗಿರಲಿಲ್ಲ. ಅಂದು ರಾತ್ರಿ ಆತನ ಬಗ್ಗೆ ಓದಲು ಕುಳಿತೆ.

ಜೋಸೆಫ್ ವಿಟ್‌ವರ್ತ್ ಹುಟ್ಟಿದ್ದು 1803ರ ಡಿಸೆಂಬರ್ 21ರಂದು, ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ. ತಂದೆ ಮೇಷ್ಟ್ರು. ಹದಿನಾಲ್ಕರ ವಯಸ್ಸಿಗೆ ಹುಡುಗನನ್ನು ಸೋದರಮಾವನ ಹತ್ತಿ ಗಿರಣಿಗೆ ಸೇರಿಸಿದರು. ಗಿರಣಿಯ ಲಾಭನಷ್ಟಕ್ಕಿಂತ ಅಲ್ಲಿನ ಯಂತ್ರಗಳೇ ಅವನನ್ನು ಸೆಳೆದವು. ಗಿರಣಿ ಬಿಟ್ಟು ಮ್ಯಾಂಚೆಸ್ಟರ್‌ನಲ್ಲಿ ಮೆಕ್ಯಾನಿಕ್ ಆದ. 1825ರಲ್ಲಿ ಲಂಡನ್‌ಗೆ ಹೋಗಿ ಆ ಕಾಲದ ದೊಡ್ಡ ಕುಶಲಕರ್ಮಿ ಹೆನ್ರಿ ಮಾಡ್ಸ್ಲಿಯ ಕಾರ್ಯಾಗಾರ ಸೇರಿದ. ಮುಂದೆ ಜೋಸೆಫ್ ಕ್ಲೆಮೆಂಟ್ ಬಳಿಯೂ ಕೆಲಸ ಮಾಡಿದ. ಚಾರ್ಲ್ಸ್ ಬ್ಯಾಬೇಜ್‌ನ ಲೆಕ್ಕದ ಯಂತ್ರಕ್ಕೆ ಭಾಗಗಳನ್ನು ಮಾಡುತ್ತಿದ್ದವನು ಇದೇ ಕ್ಲೆಮೆಂಟ್. 1833ರಲ್ಲಿ ಮ್ಯಾಂಚೆಸ್ಟರ್‌ಗೆ ಮರಳಿ ಸ್ವಂತ ಅಂಗಡಿ ತೆರೆದ.

ಆತನಿಗಿದ್ದದ್ದು ಒಂದೇ ಗೀಳು, ಅಳತೆ. ಪೂರ್ತಿ ಸಮತಟ್ಟಾದ ಲೋಹದ ಹಲಗೆ ಮಾಡುವುದು ಹೇಗೆ? ಎರಡು ಹಲಗೆಗಳನ್ನು ಒಂದಕ್ಕೊಂದು ಹೊಂದಿಸುತ್ತ ಹೋದರೆ ಒಂದು ತಗ್ಗಾಗಿ ಇನ್ನೊಂದು ಉಬ್ಬಾಗಿಯೂ ಸರಿಯಾಗಿ ಕೂತುಬಿಡಬಹುದು. ಆಗ ತಪ್ಪು ಗೊತ್ತೇ ಆಗದು. ಮೂರನೆಯ ಹಲಗೆ ತಂದು ಮೂರನ್ನೂ ಅದಲುಬದಲು ಮಾಡಿ ನೋಡಿದರೆ ತಪ್ಪಿಗೆ ಅಡಗಲು ಜಾಗವಿಲ್ಲ. ಉಬ್ಬಿದ ಕಡೆ ಕೈಯಿಂದ ಹೆರೆಯುತ್ತ ಹೋದರೆ ಮೂರೂ ಸಮತಟ್ಟಾಗುತ್ತವೆ. ಇದನ್ನು ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಇಂಚಿನ ಹತ್ತು ಲಕ್ಷದ ಒಂದು ಭಾಗವನ್ನು ತೋರಿಸುವ ಯಂತ್ರವನ್ನೂ ಆತ ಕಟ್ಟಿದ.

ಇನ್ನು ಸ್ಕ್ರೂ ವಿಷಯ. ಆಗ ಒಂದೊಂದು ಕಾರ್ಯಾಗಾರಕ್ಕೂ ಅದರದೇ ಥ್ರೆಡ್. ಯಂತ್ರದ ಒಂದು ಬೋಲ್ಟ್ ಮುರಿದರೆ ಅದನ್ನು ಮಾಡಿದವರ ಬಳಿಗೇ ಓಡಬೇಕು. ವಿಟ್‌ವರ್ತ್ ತನ್ನದೇ ಹೊಸ ಥ್ರೆಡ್ ಒಂದನ್ನು ಊರಿನ ಮೇಲೆ ಹೇರಲಿಲ್ಲ. ಹಲವು ಕಾರ್ಯಾಗಾರಗಳ ಬೋಲ್ಟ್‌ಗಳನ್ನು ತರಿಸಿ, ಅಳೆದು, ಸರಾಸರಿ ತೆಗೆದ. ಕೋನ 55 ಡಿಗ್ರಿ, ಪ್ರತಿ ವ್ಯಾಸಕ್ಕೂ ಇಂಚಿಗೆ ಇಂತಿಷ್ಟೇ ಸುತ್ತು ಎಂದು 1841ರಲ್ಲಿ ಎಂಜಿನಿಯರುಗಳ ಮುಂದಿಟ್ಟ. ರೈಲ್ವೆ ಕಂಪನಿಗಳು ಒಪ್ಪಿಕೊಂಡವು. ಕ್ರಿಮಿಯಾ ಯುದ್ಧ ಬಂದಾಗ 90 ಗನ್‌ಬೋಟ್‌ಗಳ ಎಂಜಿನ್‌ಗಳನ್ನು ತ್ವರಿತವಾಗಿ ಕಟ್ಟಬೇಕಾಯಿತು. ಬೇರೆ ಬೇರೆ ಕಡೆ ತಯಾರಾದ ಭಾಗಗಳು ಒಂದೆಡೆ ಬಂದು ಕೂತದ್ದು ಈ ಥ್ರೆಡ್‌ನಿಂದಲೇ.

ರೈಫಲ್ ಆತನ ಬದುಕಿಗೆ ಬಂದದ್ದು 1854ರಲ್ಲಿ. ಎನ್‌ಫೀಲ್ಡ್ ರೈಫಲ್ ತಯಾರಿಸುವ ಯಂತ್ರಗಳನ್ನು ಮಾಡಿಕೊಡೆಂದು ಸರ್ಕಾರ ಕೇಳಿತು. ಒಳ್ಳೆಯ ನಳಿಗೆ ಎಂದರೆ ಏನು ಎಂಬುದೇ ಗೊತ್ತಿಲ್ಲದೆ ಯಂತ್ರ ಮಾಡುವುದು ಹೇಗೆ ಎಂಬುದು ಆತನ ತಕರಾರು. ಮನೆಯ ಆವರಣದಲ್ಲೇ 500 ಗಜ ಉದ್ದದ, ಮೇಲೆ ಮುಚ್ಚಿಗೆಯಿರುವ ಗುರಿ ಅಭ್ಯಾಸದ ಓಣಿ ಕಟ್ಟಿಸಿದ, ಗಾಳಿ ಲೆಕ್ಕ ಕೆಡಿಸಬಾರದೆಂದು. ಬಿರುಗಾಳಿ ಬಂದು ಆ ಕಟ್ಟಡವನ್ನೇ ಕೆಡವಿತು. ಮತ್ತೆ ಕಟ್ಟಿಸಿದ. ಎನ್‌ಫೀಲ್ಡ್‌ನ ನಳಿಗೆಯ ಒಳವ್ಯಾಸ 0.577 ಇಂಚು, ಗುಂಡು ಒಂದು ಸುತ್ತು ತಿರುಗಲು 78 ಇಂಚು ಸಾಗಬೇಕು. ವಿಟ್‌ವರ್ತ್ ಅದನ್ನು 0.451 ಇಂಚಿಗೆ ಇಳಿಸಿ, 20 ಇಂಚಿಗೇ ಒಂದು ಸುತ್ತು ಬರುವಂತೆ ಮಾಡಿದ. ನಳಿಗೆಯ ಒಳಮೈ ದುಂಡಗಿಲ್ಲ, ಆರು ಮೂಲೆಯದು. ಗುಂಡೂ ಹಾಗೆಯೇ.

1857ರ ಪರೀಕ್ಷೆಯಲ್ಲಿ ಎನ್‌ಫೀಲ್ಡ್ 1,400 ಗಜದಲ್ಲಿ ಕೈಚೆಲ್ಲಿತು, ವಿಟ್‌ವರ್ತ್ ರೈಫಲ್ 2,000 ಗಜದಲ್ಲೂ ಗುರಿ ಮುಟ್ಟಿತು. (ಅದೇ ವರ್ಷ ನಮ್ಮ ಸಿಪಾಯಿಗಳು ಮುಟ್ಟಲೊಲ್ಲದ ಕೊಬ್ಬು ಸವರಿದ ತೋಟಾಗಳು ಇದೇ ಎನ್‌ಫೀಲ್ಡ್‌ನವು.) 1860ರ ಜುಲೈನಲ್ಲಿ ವಿಂಬಲ್ಡನ್ ಮೈದಾನದಲ್ಲಿ ನ್ಯಾಷನಲ್ ರೈಫಲ್ ಅಸೋಸಿಯೇಷನ್‌ನ ಮೊದಲ ಸ್ಪರ್ಧೆ ನಡೆದಾಗ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದ ವಿಟ್‌ವರ್ತ್ ರೈಫಲ್‌ನಿಂದ ವಿಕ್ಟೋರಿಯಾ ರಾಣಿಯೇ ಮೊದಲ ಗುಂಡು ಹಾರಿಸಿದಳು. 400 ಗಜ ದೂರದ ಹಲಗೆಯಲ್ಲಿ ಅದು ನಟ್ಟನಡುವಿನಿಂದ ಒಂದೂಕಾಲು ಇಂಚು ಆಚೆ ಬಡಿಯಿತು. 

ಇಷ್ಟಾದರೂ ಸೈನ್ಯ ಅದನ್ನು ಕೊಳ್ಳಲಿಲ್ಲ. ಒಂದಕ್ಕೆ ಎನ್‌ಫೀಲ್ಡ್‌ನ ನಾಲ್ಕು ಪಟ್ಟು ಖರ್ಚು. ಸಣ್ಣ ನಳಿಗೆಯಲ್ಲಿ ಮಸಿ ಬೇಗ ಕಟ್ಟುತ್ತಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ಸಂಗತಿ. ಯಾವ ಊರಿನ ಬೋಲ್ಟ್ ಯಾವ ಊರಿನ ನಟ್‌ಗಾದರೂ ಕೂರಲಿ ಎಂದು ಜಗತ್ತಿಗೆ ಕಲಿಸಿದವನು, ತನ್ನದೇ ರೈಫಲ್‌ಗೆ ಬಂದಾಗ ಆರು ಮೂಲೆಯ ವಿಶೇಷ ಗುಂಡು ಎಂದು ಹೊರಟ! ದುಂಡನೆಯ ಗುಂಡೂ ಅದರಲ್ಲಿ ಹೋಗುತ್ತಿತ್ತು ನಿಜ, ಆದರೆ ಆತನ ಮನಸ್ಸು ಇದ್ದದ್ದು ಆರು ಮೂಲೆಯದರ ಮೇಲೆ. ಅತ್ಯುತ್ತಮವಾದದ್ದನ್ನು ಮಾಡುವ ಹಟದಲ್ಲಿ ಕೊಳ್ಳುವವನ ಜೇಬನ್ನು ಆತ ಅಳೆಯಲಿಲ್ಲ ಅಂತ ನನ್ನ ಅನಿಸಿಕೆ.

ಕೆಲವು ರೈಫಲ್‌ಗಳು ಸಮುದ್ರ ದಾಟಿ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಗುರಿಕಾರರ ಕೈ ಸೇರಿದವು. 1864ರಲ್ಲಿ ಉತ್ತರದ ಜನರಲ್ ಜಾನ್ ಸೆಜ್‌ವಿಕ್ ದೂರದಿಂದ ಬಂದ ಗುಂಡಿಗೆ ಸತ್ತ. ಅದು ವಿಟ್‌ವರ್ತ್ ರೈಫಲ್‌ನದೇ ಎಂದು ನಂಬಲಾಗಿದೆ. ಕಾಗದದ ಹಲಗೆಗೆ ಗುರಿ ಇಡುವ ಆಸೆಯಿಂದ ಓದಲು ಕೂತವನಿಗೆ ಈ ಭಾಗ ಹಿತವೆನಿಸಲಿಲ್ಲ.

ಮುಂದೆ ಫಿರಂಗಿ, ಉಕ್ಕು ಎಂದು ಆತ ಬಹಳ ದುಡಿದ, ಬಹಳ ಗಳಿಸಿದ. 1868ರಲ್ಲಿ ಎಂಜಿನಿಯರಿಂಗ್ ಕಲಿಯುವ ಹುಡುಗರಿಗೆ ವರ್ಷಕ್ಕೆ 100 ಪೌಂಡಿನ 30 ವಿದ್ಯಾರ್ಥಿವೇತನಗಳನ್ನು ಇಟ್ಟ. ಮರುವರ್ಷ ಸರ್ ಪದವಿ ಬಂತು. 1887ರ ಜನವರಿ 22ರಂದು ಮಾಂಟೆ ಕಾರ್ಲೊದಲ್ಲಿ ತೀರಿಕೊಂಡ. ಆತನ ರೈಫಲ್‌ಗಳು ಮ್ಯೂಸಿಯಂ ಸೇರಿವೆ. 55 ಡಿಗ್ರಿ ಮಾತ್ರ ನಮ್ಮ ಮನೆಯ ನಲ್ಲಿ ಪೈಪಿನ ಥ್ರೆಡ್‌ನಲ್ಲಿ ಇವತ್ತಿಗೂ ಇದೆ.

ಮರುದಿನ ಲೇತ್ ಅಂಗಡಿಗೆ ಹೋದೆ. ಕೆಟ್ಟ ತೂತಿಗೆ ಬುಷ್ ಹಾಕಿ ಹೊಸದಾಗಿ ಟ್ಯಾಪ್ ಹೊಡೆಯಬೇಕಿತ್ತು. ರಾತ್ರಿ ಓದಿದ ಅಮಲಿನಲ್ಲಿ, ಮೊದಲಿದ್ದ ಹಾಗೆ ವಿಟ್‌ವರ್ತ್ ಥ್ರೆಡ್ಡೇ ಇರಲಿ ಅಂಕಲ್ ಎಂದೆ. ಅವರು ತಗಡಿನ ಡಬ್ಬಿ ಕೆದಕಿ ಒಂದು ಹಳೇ ಕಾಲಿಂಚು ಸ್ಕ್ರೂ ಹುಡುಕಿದರು. ಕೈಗೆ ಕೊಡುವ ಮುಂಚೆ, ಇದೂ ಕಳೆದರೆ ಇನ್ನೊಂದನ್ನು ಎಲ್ಲಿ ಹುಡುಕುತ್ತೀ ಮಗಾ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಸ್ವತಃ ವಿಟ್‌ವರ್ತ್ ಆ ಕೌಂಟರಿನ ಮುಂದೆ ನಿಂತಿದ್ದರೂ ಎಲ್ಲ ಅಂಗಡಿಯಲ್ಲಿ ಸಿಗುವುದನ್ನೇ ಕೇಳುತ್ತಿದ್ದ ಅನಿಸಿತು. ಎಂ6 ಹೊಡೆಸಿದೆ. ನೂರೈವತ್ತು ರೂಪಾಯಿ ತೆಗೆದುಕೊಂಡರು. ಉಳಿದ ದುಡ್ಡಿಗೆ ಎರಡು ಡಬ್ಬಿ ಪೆಲೆಟ್ ಬಂತು.